ಡ್ರಿಲ್ ಕೊಳ್ಳುವ ಮೊದಲು ಒಂದು ಗುಣಾಕಾರ

ಶಾಸ್ತ್ರೋತ್ಸವ ಹತ್ತಿರ ಬಂತೆಂದರೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಯಾವಾಗಲೂ ಒಂದು ಗುಂಪು ನಿಂತಿರುತ್ತದೆ. ಸ್ಟಿಲ್ ಮಾಡೆಲ್‌ನವರು, ವರ್ಕಿಂಗ್ ಮಾಡೆಲ್‌ನವರು, ವೃತ್ತಿ ಪರಿಚಯ ಮೇಳಕ್ಕೆ ತೆಂಗಿನ ಗೆರಟೆಯಲ್ಲಿ ವಸ್ತು ಮಾಡುವವರು. ಒಂದು ವರ್ಷ ಆ ಗುಂಪಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದ್ದ. ಕೈಯಲ್ಲಿ ಅಣ್ಣನ ಮೊಬೈಲು, ಅದರಲ್ಲಿ ಮಿನಿ ಡ್ರಿಲ್ಲಿನ ಚಿತ್ರ.

"ಸರ್, ಇದು ತೆಕ್ಕೊಳ್ಬಹುದಾ? 80 ವ್ಯಾಟ್ ಉಂಟಂತೆ. ವಿಷುವಿಗೆ ಸಿಕ್ಕಿದ್ದು, ಅಜ್ಜ ಕೊಟ್ಟದ್ದು ಎಲ್ಲ ಸೇರಿ ನನ್ನತ್ರ 1,500 ರೂಪಾಯಿ ಉಂಟು."

"ನೀನು ಎಂತ ಮಾಡ್ಲಿಕ್ಕೆ ಹೊರಟದ್ದು?"

"ನೀರಿನ ಚಕ್ರ ಸರ್. ಅದು ತಿರುಗುವಾಗ ಎಲ್‌ಇಡಿ ಹೊತ್ತಬೇಕು."

"ಅದಕ್ಕೆ ಎಷ್ಟು ತೂತು ಬೇಕು? ಎಷ್ಟು ದಪ್ಪದ್ದು? ಯಾವುದರಲ್ಲಿ?"

ಹುಡುಗ ಸುಮ್ಮನಾದ. ಇದು ಅವನೊಬ್ಬನ ಕಥೆಯಲ್ಲ. ನಾವೆಲ್ಲ ಯಂತ್ರವನ್ನು ಮೊದಲು ನೋಡುತ್ತೇವೆ, ಕೆಲಸವನ್ನು ಆಮೇಲೆ ಹುಡುಕುತ್ತೇವೆ. ಮಾಡೆಲ್ ಮಾಡುವ ಹವ್ಯಾಸಕ್ಕೆ ಸಣ್ಣ ವಿದ್ಯುತ್ ಉಪಕರಣಗಳನ್ನು ಕಡಿಮೆ ಬೆಲೆಗೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಕಡಿಮೆ ಬೆಲೆಯದರಲ್ಲಿಯೂ ಒಳ್ಳೆಯ ಕೆಲಸ ಆಗುತ್ತದೆ. ಆದರೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತಿಳಿಯಲು ನಿಮ್ಮ ವಿಜ್ಞಾನ ಪಾಠದ ಎರಡು ಮೂರು ಸೂತ್ರ ಸಾಕು. ಅದನ್ನೇ ಇಲ್ಲಿ ನೋಡೋಣ.

ಮೊದಲು ಕೆಲಸದ ಪಟ್ಟಿ

ಒಂದು ಕಾಗದ ತೆಗೆದುಕೊಂಡು ನಿಮ್ಮ ಮಾಡೆಲಿನ ಕೆಲಸಗಳನ್ನು ಬರೆಯಿರಿ. ಆ ಹುಡುಗನ ಕೈಯಲ್ಲಿ ನಾನು ಬರೆಸಿದ್ದು ಹೀಗಿತ್ತು.

ಒಂದು: 4 ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನಲ್ಲಿ 20 ಸೆಂಟಿಮೀಟರ್ ಅಗಲದ ಚಕ್ರ ಕತ್ತರಿಸುವುದು.
ಎರಡು: ಪಿವಿಸಿ ಪೈಪಿನ ತುಂಡಿನಿಂದ ಎಂಟು ಬಟ್ಟಲು ಮಾಡಿ ಚಕ್ರಕ್ಕೆ ಸ್ಕ್ರೂ ಹಾಕಿ ಕೂರಿಸುವುದು. ಒಂದು ಬಟ್ಟಲಿಗೆ ಎರಡು ಸ್ಕ್ರೂ. ಪೈಪಿನಲ್ಲಿ 16, ಪ್ಲೈವುಡ್ಡಿನಲ್ಲಿ 16, ಒಟ್ಟು 32 ತೂತು, 2 ಮಿಲಿಮೀಟರಿನದು.
ಮೂರು: ಅಚ್ಚಿಗೆ ಚಕ್ರದಲ್ಲಿ ಒಂದು, ಸ್ಟ್ಯಾಂಡಿನಲ್ಲಿ ಎರಡು ತೂತು, 3 ಮಿಲಿಮೀಟರಿನದು.
ನಾಲ್ಕು: ಮೋಟರನ್ನು ಸ್ಟ್ಯಾಂಡಿಗೆ ಅಂಟಿಸುವುದು.
ಐದು: ವಯರು, ಎಲ್‌ಇಡಿ ಬೆಸುಗೆ. ನಾಲ್ಕು ಕಡೆ ಮಾತ್ರ.

ಈಗ ಪಟ್ಟಿ ನೋಡಿ. ಚಕ್ರ ಕತ್ತರಿಸುವ ಕೆಲಸ ಒಂದೇ ಸಲ. ಅದಕ್ಕೆ ಯಂತ್ರ ಬೇಡ, ಸಣ್ಣ ಕೈಗರಗಸ ಸಾಕು. ಬೆಸುಗೆ ನಾಲ್ಕೇ ಕಡೆ, ಶಾಲೆಯ ಲ್ಯಾಬಿನದನ್ನು ಕೇಳಿ ಮಾಡಬಹುದು. ಆದರೆ 35 ತೂತು? ಅಲ್ಲಿ ಯಂತ್ರಕ್ಕೆ ಕೊಟ್ಟ ದುಡ್ಡಿಗೆ ಅರ್ಥ ಉಂಟು. ಹೆಚ್ಚು ಸಲ ಮಾಡಬೇಕಾದ, ಒಂದೇ ತರಹ ಬರಬೇಕಾದ ಕೆಲಸಕ್ಕೆ ಯಂತ್ರ. ಒಂದೆರಡು ಸಲದ್ದಕ್ಕೆ ಕೈ. ಇದು ಮೊದಲನೆಯ ಸೂತ್ರ.

ಪೆಟ್ಟಿಗೆ ಹೇಳುವುದು, ಲೇಬಲ್ ಹೇಳುವುದು

ಆ ಮೇಲೆ ನಾವಿಬ್ಬರೂ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆವು. ಡ್ರಿಲ್ಲಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 80 ವ್ಯಾಟ್. ಪಕ್ಕದಲ್ಲಿ ಅದಕ್ಕೆ ವಿದ್ಯುತ್ ಕೊಡುವ ಅಡಾಪ್ಟರ್. ಅದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಔಟ್‌ಪುಟ್ 12 ವೋಲ್ಟ್, 2 ಆಂಪಿಯರ್.

ಸಾಮರ್ಥ್ಯದ ಸೂತ್ರ ನಿಮಗೆ ಗೊತ್ತುಂಟು:

ವ್ಯಾಟ್ = ವೋಲ್ಟ್ × ಆಂಪಿಯರ್
12 × 2 = 24 ವ್ಯಾಟ್

ಅಡಾಪ್ಟರ್ ಕೊಡುವುದೇ ಹೆಚ್ಚೆಂದರೆ 24 ವ್ಯಾಟ್. ಹಾಗಿರುವಾಗ ಡ್ರಿಲ್ಲಿಗೆ 80 ವ್ಯಾಟ್ ಎಲ್ಲಿಂದ ಬರಬೇಕು? ಒಳಗೆ ಹೋದದ್ದಕ್ಕಿಂತ ಹೆಚ್ಚು ಹೊರಗೆ ಬರುವುದಿಲ್ಲ. ಶಕ್ತಿಯ ಸಂರಕ್ಷಣೆಯ ನಿಯಮ ಅಂಗಡಿಯೊಳಗೂ ನಡೆಯುತ್ತದೆ. ಅಲ್ಲದೆ ಒಳಗೆ ಹೋದ 24 ವ್ಯಾಟಿನಲ್ಲಿಯೂ ಒಂದು ಪಾಲು ಮೋಟರಿನ ಬಿಸಿಯಾಗಿ ಹೋಗುತ್ತದೆ, ಉಳಿದದ್ದು ಮಾತ್ರ ತಿರುಗುವ ಕೆಲಸಕ್ಕೆ.

ಹುಡುಗನ ಮುಖ ಬಾಡಿತು. "ಹಾಗಾದ್ರೆ ಮೋಸವಾ ಸರ್?" ಎಂದ. ಪೆಟ್ಟಿಗೆಯ ಮೇಲಿನ ಅಂಕಿ ಸುಳ್ಳು, ಆದರೆ ಡ್ರಿಲ್ ಕೆಟ್ಟದೆಂದು ಅಷ್ಟರಿಂದಲೇ ಹೇಳಲಾಗುವುದಿಲ್ಲ. 2 ಮಿಲಿಮೀಟರ್ ತೂತಿಗೆ 24 ವ್ಯಾಟ್ ಧಾರಾಳ ಸಾಕು. 80 ವ್ಯಾಟಿನ ಬೆಲೆ ಕೊಟ್ಟು 24 ವ್ಯಾಟ್ ತರಬಾರದು, ಅಷ್ಟೇ.

ಬ್ಯಾಟರಿ ಡ್ರಿಲ್ಲಿಗೂ ಇದೇ ತರಹದ ಲೆಕ್ಕ ಉಂಟು. ಕಡಿಮೆ ಬೆಲೆಯ ಕೆಲವು ಡ್ರಿಲ್ಲುಗಳ ಮೇಲೆ 48, 88 ಎಂದು ದೊಡ್ಡ ಅಂಕಿ, ಅದರ ಪಕ್ಕ ವೋಲ್ಟಿನ ಹಾಗೆ ಕಾಣುವ ಅಕ್ಷರ ಇರುತ್ತದೆ. ಅದನ್ನು ನಂಬಬೇಡಿ, ಚಾರ್ಜರಿನ ಲೇಬಲ್ ಓದಿ. ಇಂಥ ಡ್ರಿಲ್ಲಿನಲ್ಲಿರುವ ಲಿಥಿಯಂ ಅಯಾನ್ ಸೆಲ್ ಒಂದಕ್ಕೆ ಸಾಮಾನ್ಯವಾಗಿ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಚಾರ್ಜರ್ 21 ವೋಲ್ಟ್ ಎಂದಿದ್ದರೆ 21 ÷ 4.2 = 5. ಅಂದರೆ ಸಾಲಾಗಿ ಐದು ಸೆಲ್, 5 × 3.6 = 18 ವೋಲ್ಟಿನ ಡ್ರಿಲ್. ಚಾರ್ಜರ್ 12.6 ಎಂದಿದ್ದರೆ ಮೂರು ಸೆಲ್. ಅದನ್ನು 12 ವೋಲ್ಟ್ ಎಂದು ಮಾರುತ್ತಾರೆ. ಹೊರಗಿನ ಅಂಕಿಯನ್ನು ಯಾರು ಎಷ್ಟು ದೊಡ್ಡದು ಬೇಕಾದರೂ ಬರೆಯಬಹುದು. ಚಾರ್ಜರಿನ ಅಂಕಿ ತಪ್ಪಿದರೆ ಬ್ಯಾಟರಿಯೇ ಹಾಳಾಗುತ್ತದೆ, ಆದ್ದರಿಂದ ಅಲ್ಲಿ ಹೆಚ್ಚಾಗಿ ನಿಜ ಇರುತ್ತದೆ.

ನೀವು ಕಾಸರಗೋಡಿನಲ್ಲಿರಿ, ತಾಳವಾಡಿಯಲ್ಲಿರಿ, ಅಕ್ಕಲಕೋಟೆಯಲ್ಲಿರಿ, ಆದೋನಿಯಲ್ಲಿರಿ. ಅಂಗಡಿಯವರು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಮಾತಾಡಿಯಾರು. ವೋಲ್ಟ್ ಮತ್ತು ಆಂಪಿಯರ್ ಎಲ್ಲ ಭಾಷೆಗೂ ಒಂದೇ. ಗುಣಾಕಾರ ಬಂದರೆ ಸಾಕು.

ವೇಗ ಬೇರೆ, ತಿರುಗಿಸುವ ಬಲ ಬೇರೆ

ಪೆಟ್ಟಿಗೆಯ ಮೇಲೆ ಇನ್ನೊಂದು ಅಂಕಿ ಇರುತ್ತದೆ: ಆರ್‌ಪಿಎಂ. ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದರ್ಥ. ಹೆಚ್ಚು ಸುತ್ತು ಅಂದರೆ ಹೆಚ್ಚು ಒಳ್ಳೆಯದು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ.

ಸೈಕಲನ್ನು ನೆನಪಿಸಿಕೊಳ್ಳಿ. ಗೇರಿನ ಸೈಕಲಿನಲ್ಲಿ ಗುಡ್ಡ ಹತ್ತುವಾಗ ಚಕ್ರ ನಿಧಾನ, ಆದರೆ ಬಲ ಹೆಚ್ಚು. ಇಳಿಜಾರಿನಲ್ಲಿ ವೇಗ ಹೆಚ್ಚು, ಬಲ ಕಡಿಮೆ. ತುಳಿಯುವ ಕಾಲು ಒಂದೇ. ಮೋಟರಿಗೂ ಹಾಗೆಯೇ. ಒಂದೇ ಸಾಮರ್ಥ್ಯವನ್ನು ಜೋರಾಗಿ ತಿರುಗಲು ಖರ್ಚು ಮಾಡಬಹುದು, ಇಲ್ಲವೇ ಬಲವಾಗಿ ತಿರುಗಿಸಲು ಖರ್ಚು ಮಾಡಬಹುದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಿನಿ ಡ್ರಿಲ್ಲಿನಲ್ಲಿ ಸಾಮಾನ್ಯವಾಗಿ ಗೇರ್ ಇರುವುದಿಲ್ಲ, ಮೋಟರಿನ ಅಚ್ಚಿಗೇ ಬಿಟ್ ಸಿಕ್ಕಿಸುತ್ತಾರೆ. ನಿಮಿಷಕ್ಕೆ 10,000 ಸುತ್ತು ತಿರುಗಬಹುದು, ಆದರೆ ಬೆರಳಿನಿಂದ ಹಿಡಿದರೂ ನಿಂತೀತು ಎನ್ನುವಷ್ಟು ಬಲ. (ಹಿಡಿದು ನೋಡಬೇಡಿ!) ಬ್ಯಾಟರಿ ಡ್ರಿಲ್ಲಿನೊಳಗೆ ಗೇರ್ ಉಂಟು. ಹತ್ತರಷ್ಟು ನಿಧಾನ ಮಾಡುವ ಗೇರ್ ಇದ್ದರೆ 10,000 ಸುತ್ತು 1,000ಕ್ಕೆ ಇಳಿಯುತ್ತದೆ, ತಿರುಗಿಸುವ ಬಲ ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಗೇರಿನ ಘರ್ಷಣೆಯಲ್ಲಿ ಸ್ವಲ್ಪ ಕಳೆಯುತ್ತದೆ, ಅಷ್ಟೇ.

ಹಾಗಾಗಿ ಯಾವುದಕ್ಕೆ ಯಾವುದು?

ಪ್ಲೈವುಡ್, ತೆಳು ಪ್ಲಾಸ್ಟಿಕ್, ಸರ್ಕ್ಯೂಟ್ ಬೋರ್ಡಿನಲ್ಲಿ 1, 2 ಮಿಲಿಮೀಟರಿನ ತೂತು: ಮಿನಿ ಡ್ರಿಲ್ ಸಾಕು. ಸಣ್ಣ ಬಿಟ್ಟಿಗೆ ವೇಗ ಬೇಕು, ಬಲ ಹೆಚ್ಚು ಬೇಡ.

ದಪ್ಪ ಮರ, 5 ಮಿಲಿಮೀಟರಿಗಿಂತ ದೊಡ್ಡ ತೂತು, ಸ್ಕ್ರೂ ತಿರುಗಿಸುವುದು: ಗೇರ್ ಇರುವ ಡ್ರಿಲ್ಲೇ ಬೇಕು.

ತೆಂಗಿನ ಗೆರಟೆ: ಇದು ನೋಡಲು ತೆಳು, ಆದರೆ ಗಟ್ಟಿ. ಮಿನಿ ಡ್ರಿಲ್ಲಿಗೆ 3 ಮಿಲಿಮೀಟರ್ ಬಿಟ್ ಹಾಕಿ ಒತ್ತಿದರೆ ಮೋಟರ್ ನಿಂತೇ ಹೋಗುತ್ತದೆ. ಮೊದಲು 1, ಮತ್ತೆ 2, ಕೊನೆಗೆ 3 ಹೀಗೆ ಮೂರು ಸಲಕ್ಕೆ ಮಾಡಿ. ಪ್ರತಿ ಸಲ ಕೊರೆಯಬೇಕಾದ್ದು ಸ್ವಲ್ಪವೇ ಆದ ಕಾರಣ ಸಣ್ಣ ಮೋಟರಿಗೂ ಸಾಧ್ಯವಾಗುತ್ತದೆ.

ಅಕ್ರಿಲಿಕ್ ಹಾಳೆ: ಇಲ್ಲಿ ವೇಗವೇ ಶತ್ರು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಜೋರಾಗಿ ತಿರುಗುವ ಬಿಟ್ಟಿನ ಘರ್ಷಣೆಯಿಂದ ತೂತಿನ ಅಂಚು ಕರಗಿ ಬಿಟ್ಟಿಗೇ ಅಂಟಿಕೊಳ್ಳುತ್ತದೆ, ತಣಿದ ಮೇಲೆ ಹಾಳೆ ಬಿರಿಯುತ್ತದೆ. ನಿಮ್ಮ ಡ್ರಿಲ್ಲಿಗೆ 3ರಿಂದ 12 ವೋಲ್ಟ್ ತನಕ ಬದಲಿಸುವ ಅಡಾಪ್ಟರ್ ಇದ್ದರೆ ಕಡಿಮೆಗೆ ಇಡಿ. ಡಿಸಿ ಮೋಟರಿನ ವೇಗ ಹೆಚ್ಚು ಕಡಿಮೆ ವೋಲ್ಟಿನ ಪ್ರಮಾಣದಲ್ಲಿಯೇ ಇಳಿಯುತ್ತದೆ. 12ರ ಬದಲು 6 ಕೊಟ್ಟರೆ ವೇಗ ಸುಮಾರು ಅರ್ಧ. ಒತ್ತಬೇಡಿ, ಮಧ್ಯೆ ಮಧ್ಯೆ ಬಿಟ್ ಹೊರಗೆ ತೆಗೆಯಿರಿ.

ನಿಂತ ಮೋಟರ್ ಸುಡುವುದು ಯಾಕೆ?

"ಹೊಸ ಡ್ರಿಲ್, ಎರಡೇ ದಿನದಲ್ಲಿ ಹೊಗೆ ಬಂತು" ಎಂದು ಹೇಳುವವರು ಸುಮಾರು ಜನ. ಹೆಚ್ಚಿನ ಸಲ ಅದು ಒತ್ತಿ ಹಿಡಿದದ್ದರ ಫಲ. ಕಾರಣ ತುಂಬ ಚಂದ ಉಂಟು, ಸ್ವಲ್ಪ ಗಮನ ಕೊಟ್ಟು ಓದಿ.

ತಿರುಗುವ ಮೋಟರ್ ತಾನೂ ಒಂದು ಡೈನಮೋ. ಕಾಂತದ ನಡುವೆ ಸುರುಳಿ ತಿರುಗುವಾಗ ಅದರಲ್ಲಿ ವೋಲ್ಟೇಜು ಹುಟ್ಟುತ್ತದೆ, ಮತ್ತು ಅದು ನಾವು ಕೊಟ್ಟ ವೋಲ್ಟೇಜಿಗೆ ಎದುರಾಗಿ ನಿಲ್ಲುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. 12 ವೋಲ್ಟಿನ ಬ್ಯಾಟರಿ, ಸುರುಳಿಯ ರೋಧ 2 ಓಮ್. ಮೋಟರ್ ಸರಾಗ ತಿರುಗುವಾಗ 11 ವೋಲ್ಟ್ ಎದುರು ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಆಗ ಉಳಿದದ್ದು 1 ವೋಲ್ಟ್.

ತಿರುಗುವಾಗ ಪ್ರವಾಹ: 1 ÷ 2 = 0.5 ಆಂಪಿಯರ್
ಸುರುಳಿಯಲ್ಲಿ ಬಿಸಿ: 0.5 × 0.5 × 2 = 0.5 ವ್ಯಾಟ್

ಈಗ ಒತ್ತಿ ಒತ್ತಿ ಮೋಟರನ್ನು ನಿಲ್ಲಿಸಿದಿರಿ. ತಿರುಗದ ಮೇಲೆ ಎದುರು ವೋಲ್ಟೇಜು ಸೊನ್ನೆ.

ನಿಂತಾಗ ಪ್ರವಾಹ: 12 ÷ 2 = 6 ಆಂಪಿಯರ್
ಸುರುಳಿಯಲ್ಲಿ ಬಿಸಿ: 6 × 6 × 2 = 72 ವ್ಯಾಟ್

ಅರ್ಧ ವ್ಯಾಟ್ ಎಲ್ಲಿ, 72 ವ್ಯಾಟ್ ಎಲ್ಲಿ! 144 ಪಟ್ಟು. ಹಳೆಯ ಕಾಲದ 60 ವ್ಯಾಟಿನ ಬಲ್ಬನ್ನು ಮುಟ್ಟಲಾಗುತ್ತಿರಲಿಲ್ಲ ಎಂದು ಮನೆಯಲ್ಲಿ ಅಜ್ಜಿ ಹೇಳಿಯಾರು. ಅದಕ್ಕಿಂತ ಹೆಚ್ಚಿನ ಬಿಸಿ ಒಂದು ಹೆಬ್ಬೆಟ್ಟಿನಷ್ಟು ದಪ್ಪದ ಮೋಟರಿನೊಳಗೆ. ತಂತಿಯ ಮೇಲಿನ ವಾರ್ನಿಶ್ ಸುಟ್ಟು ಹೊಗೆ ಬಾರದೆ ಇನ್ನೆಂತ ಆಗಬೇಕು? 2 ಆಂಪಿಯರಿನ ಅಡಾಪ್ಟರ್ ಆದರೆ 6 ಆಂಪಿಯರ್ ಕೊಡಲಾಗದೆ ಅದೇ ಬಿಸಿಯಾಗಬಹುದು, ಇಲ್ಲವೇ ಬಂದ್ ಆಗಬಹುದು.

ಆದ್ದರಿಂದ ಶಬ್ದ ಕೇಳುತ್ತಾ ಕೆಲಸ ಮಾಡಿ. ಮೋಟರಿನ ದನಿ ಇಳಿಯಿತು ಅಂದರೆ ವೇಗ ಇಳಿಯಿತು, ಪ್ರವಾಹ ಏರಿತು. ಕೂಡಲೇ ಒತ್ತಡ ಕಡಿಮೆ ಮಾಡಿ. ಸಣ್ಣ ಉಪಕರಣಗಳು ಎಡೆಬಿಡದೆ ದುಡಿಯಲು ಆದವಲ್ಲ. ಕೆಲವು ಲೇಬಲ್‌ಗಳಲ್ಲಿ ಎಸ್2 ಎಂದು ಬರೆದು ಪಕ್ಕದಲ್ಲಿ ನಿಮಿಷ ಕೊಟ್ಟಿರುತ್ತಾರೆ. ಅಷ್ಟು ಹೊತ್ತು ಓಡಿಸಿ, ತಣಿಯಲು ಬಿಡಿ ಎಂದರ್ಥ. ಬರೆಯದಿದ್ದರೂ ಎರಡು ಮೂರು ನಿಮಿಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಇರಲಿ.

ಅಂಗಡಿಯಲ್ಲಿ ಮಾಡುವ ಪರೀಕ್ಷೆ

ಸಾಧ್ಯವಾದರೆ ಮೊದಲನೆಯ ಉಪಕರಣವನ್ನು ಅಂಗಡಿಗೆ ಹೋಗಿ, ಹಿರಿಯರೊಬ್ಬರ ಜೊತೆ ಕೊಳ್ಳಿ. ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗದ ಸಂಗತಿಗಳು ಉಂಟು.

ಬಿಟ್ ನೇರ ತಿರುಗುತ್ತದಾ? 1 ಮಿಲಿಮೀಟರಿನ ಬಿಟ್ ಸಿಕ್ಕಿಸಿ ಚಾಲು ಮಾಡಿಸಿ. ತುದಿ ಒಂದು ಚುಕ್ಕಿಯಾಗಿ ಕಂಡರೆ ಒಳ್ಳೆಯದು. ಸಣ್ಣ ಬಳೆಯಂತೆ ಕಂಡರೆ ಬಿಟ್ ಅಡ್ಡಾದಿಡ್ಡಿ ಸುತ್ತುತ್ತಿದೆ. ಅಂಥದರಲ್ಲಿ ಸಣ್ಣ ಬಿಟ್ಟುಗಳು ಒಂದರ ಹಿಂದೆ ಒಂದು ಮುರಿಯುತ್ತವೆ, ತೂತೂ ಅಗಲವಾಗುತ್ತದೆ. ವ್ಯಾಟಿಗಿಂತ ಈ ಪರೀಕ್ಷೆ ಮುಖ್ಯ.

ಬಿಟ್ ಹಿಡಿಯುವ ಕೊಲೆಟ್ ಯಾವ ಅಳತೆಯದು? ಹಿತ್ತಾಳೆಯ ಆ ಸಣ್ಣ ಹಿಡಿಕೆ 0.5ರಿಂದ 3 ಮಿಲಿಮೀಟರ್ ತನಕ ಹಿಡಿಯುವುದಾದರೆ ಸಾಮಾನ್ಯ ಬಿಟ್ ಎಲ್ಲ ಆಗುತ್ತದೆ. ಆದರೆ ಉಜ್ಜುವ ಕಲ್ಲು, ಬ್ರಶ್ ಇತ್ಯಾದಿಗಳ ದಂಟು ಸಾಮಾನ್ಯವಾಗಿ 3.2 ಅಥವಾ 2.35 ಮಿಲಿಮೀಟರ್ ಇರುತ್ತದೆ. ಮುಂದೆ ಅವು ಬೇಕಾದರೆ ಆ ಅಳತೆಯ ಕೊಲೆಟ್ ಸಿಗುತ್ತದಾ ಎಂದು ಈಗಲೇ ಕೇಳಿ.

ಅಚ್ಚು ಅಲುಗಾಡುತ್ತದಾ? ಆಫ್ ಮಾಡಿ ಅಚ್ಚನ್ನು ಅಡ್ಡಕ್ಕೆ ಅಲುಗಿಸಿ ನೋಡಿ. ಕಟಕಟ ಎಂದರೆ ಬೇಡ.

230 ವೋಲ್ಟಿನದಾದರೆ ಪ್ಲಗ್ ನೋಡಿ. ಲೋಹದ ಭಾಗ ಹೊರಗಿರುವ ಉಪಕರಣಕ್ಕೆ ಮೂರು ಪಿನ್ನಿನ ಪ್ಲಗ್ ಇರಬೇಕು, ದಪ್ಪ ಪಿನ್ ಅರ್ಥಿಂಗಿನದು. ಎರಡೇ ಪಿನ್ ಇದ್ದರೆ ಲೇಬಲ್ಲಿನಲ್ಲಿ ಚೌಕದೊಳಗೆ ಚೌಕ ಇರುವ ಗುರುತು ಇರಬೇಕು. ಒಳಗೆ ಎರಡು ಪದರ ಅವಾಹಕ ಉಂಟೆಂದು ಅದರ ಅರ್ಥ. ಪ್ಲಗ್ಗಿನ ಮೇಲೆ ಐಎಸ್‌ಐ ಗುರುತು ಹುಡುಕಿ. ಅದರ ಜೊತೆ ಇರುವ ಸಿಎಂ/ಎಲ್ ಸಂಖ್ಯೆ ನಿಜವೋ ಸುಳ್ಳೋ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು.

ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಹಾಳಾದಾಗ ಮಾತಿಗೆ ಬಲ ಇಲ್ಲ. ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು.

ಬಿಸಿಯ ಉಪಕರಣ ಎರಡು

ಗ್ಲೂ ಗನ್‌ನಲ್ಲಿ 20 ವ್ಯಾಟಿನ ಸಣ್ಣದು ಮಾಡೆಲ್ ಕೆಲಸಕ್ಕೆ ಸಾಕು, ಅದಕ್ಕೆ 7 ಮಿಲಿಮೀಟರ್ ಕಡ್ಡಿ. ದೊಡ್ಡದಕ್ಕೆ 11 ಮಿಲಿಮೀಟರ್ ಕಡ್ಡಿ. ಕಡ್ಡಿ ಕೊಳ್ಳುವಾಗ ಅಳತೆ ತಪ್ಪಿದರೆ ದುಡ್ಡು ದಂಡ. ಕರಗಿದ ಅಂಟು ಚರ್ಮಕ್ಕೆ ಬಿದ್ದರೆ ಬಿಸಿನೀರಿನ ಹಾಗೆ ಜಾರಿಹೋಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಎಳೆದು ತೆಗೆಯಬೇಡಿ, ಕೂಡಲೇ ತಣ್ಣೀರಿನಲ್ಲಿ ಹಿಡಿಯಿರಿ.

ಸೋಲ್ಡರಿಂಗ್ ಐರನ್ 25 ವ್ಯಾಟಿನದು ಸಾಕು. 60 ಭಾಗ ತವರ, 40 ಭಾಗ ಸೀಸ ಇರುವ ಸಾಮಾನ್ಯ ಸೋಲ್ಡರ್ 183 ಡಿಗ್ರಿಯಲ್ಲಿ ಕರಗಲು ಸುರುವಾಗುತ್ತದೆ, ಐರನ್ನಿನ ತುದಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಸೀಸ ವಿಷ, ಹಾಗಾಗಿ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಇನ್ನೊಂದು ಮಾತು. ಥರ್ಮಾಕೋಲ್ ಕತ್ತರಿಸುವ ಬಿಸಿ ತಂತಿಯನ್ನು ಸನ್‌ಬೋರ್ಡಿಗೂ ಪಿವಿಸಿ ಪೈಪಿಗೂ ತಾಗಿಸಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ನೀರು ಕಂಡಲ್ಲಿ ಹೈಡ್ರೋಕ್ಲೋರಿಕ್ ಆಮ್ಲ. ನಮ್ಮ ಮೂಗು, ಗಂಟಲು, ಶ್ವಾಸಕೋಶ ಯಾವಾಗಲೂ ಒದ್ದೆ ಎಂಬುದನ್ನು ಮರೆಯಬೇಡಿ.

ನನ್ನ ಕನ್ನಡಕದ ಮೇಲಿನ ಗೀರು

ಸಣ್ಣ ಕೈಯಂತ್ರಕ್ಕೆ ಅಂಗಡಿಗಳಲ್ಲಿ 'ಡ್ರೆಮೆಲ್ ತರಹದ್ದು' ಎಂದು ಹೇಳುವುದುಂಟು. ಡ್ರೆಮೆಲ್ ಎಂಬುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಊರಿನಲ್ಲಿ 1932ರಲ್ಲಿ ಸುರುವಾದ ಕಂಪನಿಯ ಹೆಸರು. ಅದರ ಹಾಗೆಯೇ ಕಾಣುವ ಕಡಿಮೆ ಬೆಲೆಯ 230 ವೋಲ್ಟಿನ ಯಂತ್ರಗಳು ಈಗ ಎಲ್ಲ ಕಡೆ ಸಿಗುತ್ತವೆ. ಇವು ನಿಮಿಷಕ್ಕೆ 30,000 ಸುತ್ತಿನ ತನಕ ತಿರುಗುತ್ತವೆ. ಜೊತೆಗೆ ಒಂದು ಡಬ್ಬಿಯಲ್ಲಿ ನೂರಾರು ಬಿಡಿಭಾಗ, ಅದರಲ್ಲಿ ಕಂದು ಬಣ್ಣದ ತೆಳುವಾದ ಕಟ್ಟಿಂಗ್ ಡಿಸ್ಕ್.

ನಾನು ಕೊಂಡ ಮೊದಲನೆಯ ಯಂತ್ರವೂ ಅಂಥದೇ. ಒಂದು ಸಣ್ಣ ಕಬ್ಬಿಣದ ಸರಳು ಕತ್ತರಿಸುತ್ತಿದ್ದೆ. ಸರಳನ್ನು ಎಡಗೈಯಲ್ಲಿ ಹಿಡಿದಿದ್ದೆ, ಕ್ಲಾಂಪ್ ಹಾಕಲು ಉದಾಸೀನ. ಕೈ ಸ್ವಲ್ಪ ಓರೆಯಾಯಿತು. ಟಪ್ ಎಂದು ಶಬ್ದ, ಡಿಸ್ಕ್ ಚೂರು ಚೂರು. ಒಂದು ಚೂರು ನನ್ನ ಕನ್ನಡಕಕ್ಕೆ ಬಡಿಯಿತು. ಬಲಗಣ್ಣಿನ ಎದುರಿಗೇ, ಗಾಜಿನಲ್ಲಿ ಉದ್ದದ ಗೀರು. ನಾನು ಅದನ್ನು ಹಾಕಿದ್ದು ರಕ್ಷಣೆಗಲ್ಲ, ಓದಲಿಕ್ಕೆ. ದೃಷ್ಟಿ ಸರಿ ಇದ್ದಿದ್ದರೆ ಆ ದಿನ ಕನ್ನಡಕವೇ ಇರುತ್ತಿರಲಿಲ್ಲ. ಆ ಕನ್ನಡಕವನ್ನು ಈಗಲೂ ಲ್ಯಾಬಿನ ಮೇಜಿನಲ್ಲಿ ಇಟ್ಟಿದ್ದೇನೆ. ಡ್ರಿಲ್ ಕೇಳಲು ಬಂದವರ ಕೈಗೆ ಮೊದಲು ಕೊಡುವುದು ಅದನ್ನು.

ಆಮೇಲೆ ಕೂತು ಲೆಕ್ಕ ಹಾಕಿದೆ. ಡಿಸ್ಕ್ ಸುಮಾರು ಒಂದು ರೂಪಾಯಿ ನಾಣ್ಯದಷ್ಟು, 22 ಮಿಲಿಮೀಟರ್.

ಒಂದು ಸುತ್ತಿಗೆ ಅಂಚು ಹೋಗುವ ದೂರ: 3.14 × 22 = ಸುಮಾರು 69 ಮಿಲಿಮೀಟರ್
ನಿಮಿಷಕ್ಕೆ 30,000 ಸುತ್ತು: ಸುಮಾರು 2,070 ಮೀಟರ್
ಗಂಟೆಗೆ: 2,070 × 60 = ಸುಮಾರು 1,24,000 ಮೀಟರ್, ಅಂದರೆ 124 ಕಿಲೋಮೀಟರ್

ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ಬಸ್ಸಿನ ಎರಡು ಪಟ್ಟು ವೇಗ. ಮುರಿದ ಚೂರು ಹೊರಡುವುದು ಆ ವೇಗದಲ್ಲಿ, ಮುಖದಿಂದ ಒಂದು ಗೇಣು ದೂರದಿಂದ. ಕಣ್ಣು ಮುಚ್ಚಲು ಸಮಯ ಎಲ್ಲಿದೆ?

ಅದಕ್ಕೆ ನನ್ನ ಮಾತು ಇಷ್ಟು. ಕಟ್ಟಿಂಗ್ ಡಿಸ್ಕ್ ಮತ್ತು ಆ್ಯಂಗಲ್ ಗ್ರೈಂಡರ್ ನಿಮ್ಮ ಪ್ರಾಯಕ್ಕೆ ಬೇಡ. 230 ವೋಲ್ಟಿನ ಯಾವ ಉಪಕರಣವನ್ನೂ ಹಿರಿಯರು ಹತ್ತಿರ ಇಲ್ಲದೆ ಚಾಲು ಮಾಡಬೇಡಿ. 12 ವೋಲ್ಟಿನ ಮಿನಿ ಡ್ರಿಲ್ಲಿಗೂ ರಕ್ಷಣೆಯ ಕನ್ನಡಕ ಬೇಕೇ ಬೇಕು, ಏಕೆಂದರೆ 1 ಮಿಲಿಮೀಟರಿನ ಬಿಟ್ ಮುರಿದಾಗಲೂ ತುಂಡು ಹಾರುತ್ತದೆ. ತುಂಡನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪ್ ಹಾಕಿ. ಕೂದಲು ಕಟ್ಟಿ, ಶಾಲು ತೆಗೆದಿಡಿ, ಬಳೆ ಕಳಚಿ. ತಿರುಗುವ ಯಂತ್ರದ ಹತ್ತಿರ ಬಟ್ಟೆಯ ಕೈಗವಸು ಹಾಕಬೇಡಿ, ನೂಲು ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ. ಗೆರಟೆ ಉಜ್ಜುವಾಗ ಮಾಸ್ಕ್ ಇರಲಿ. ಬಿಟ್ ಬದಲಿಸುವ ಮೊದಲು ಪ್ಲಗ್ ತೆಗೆಯಿರಿ, ಸ್ವಿಚ್ ಆಫ್ ಮಾಡಿದರೆ ಸಾಲದು.

1,500 ರೂಪಾಯಿಯ ಲೆಕ್ಕ

ಆ ಹುಡುಗ ಅಪ್ಪನ ಜೊತೆ ಅಂಗಡಿಗೆ ಹೋದ. ಅವತ್ತು ಅವನು ಕೊಂಡದ್ದು ಇಷ್ಟು. ನಿಮ್ಮ ಊರಿನಲ್ಲಿ ಬೆಲೆ ಬೇರೆ ಇರಬಹುದು, ಅದರ ಕ್ರಮವನ್ನು ಗಮನಿಸಿ.

ರಕ್ಷಣೆಯ ಕನ್ನಡಕ: 80
ಸಣ್ಣ ಸಿ ಕ್ಲಾಂಪ್ ಎರಡು: 160
ಎಚ್‌ಎಸ್‌ಎಸ್ ಬಿಟ್ ಸೆಟ್: 150
ಮಿನಿ ಡ್ರಿಲ್, ಅಡಾಪ್ಟರ್ ಸಹಿತ: 480
20 ವ್ಯಾಟ್ ಗ್ಲೂ ಗನ್, ಕಡ್ಡಿ ಸಹಿತ: 220
ಒಟ್ಟು: 1,090 ರೂಪಾಯಿ

ಉಳಿದ 410 ರೂಪಾಯಿಯಲ್ಲಿ ಪ್ಲೈವುಡ್, ಪೈಪು, ಸ್ಕ್ರೂ. ಕನ್ನಡಕ, ಕ್ಲಾಂಪ್, ಬಿಟ್ ಮೂರೂ ಡ್ರಿಲ್ಲಿಗಿಂತ ಮೇಲೆ ಬರೆದದ್ದು ಬೇಕೆಂದೇ. ದುಡ್ಡು ಕಡಿಮೆಯಾದರೆ ಕೆಳಗಿನಿಂದ ಹೊಡೆದುಹಾಕಿ, ಮೇಲಿನಿಂದ ಅಲ್ಲ. ಒಳ್ಳೆಯ ಬಿಟ್ ಇದ್ದರೆ ಸಾಧಾರಣ ಡ್ರಿಲ್ ಕೂಡ ಕೆಲಸ ಮಾಡುತ್ತದೆ. ಮೊಂಡು ಬಿಟ್ ಇದ್ದರೆ ಎಷ್ಟು ಒಳ್ಳೆಯ ಡ್ರಿಲ್ ಆದರೂ ಸುಡುತ್ತದೆ.

ಅಂಗಡಿಯಲ್ಲಿ 80 ವ್ಯಾಟಿನದನ್ನೇ ತೋರಿಸಿ ಹೆಚ್ಚು ಬೆಲೆ ಹೇಳಿದರಂತೆ. ಹುಡುಗ ಅಡಾಪ್ಟರ್ ತಿರುಗಿಸಿ ಓದಿ, "12 ಎರಡ್ಲಿ 24 ಅಲ್ವಾ?" ಎಂದನಂತೆ. ಅಂಗಡಿಯವರು ನಕ್ಕು ಒಳಗಿನಿಂದ ಕಡಿಮೆ ಬೆಲೆಯದ್ದನ್ನು ತಂದರು. ಅದರಲ್ಲಿಯೂ ಅಡಾಪ್ಟರ್ 12 ವೋಲ್ಟ್, 2 ಆಂಪಿಯರೇ.

ಚಕ್ರ ತಿರುಗಿತು, ದೀಪ ಹೊತ್ತಲಿಲ್ಲ

35 ತೂತೂ ಚಂದ ಬಂದವು. ಒಂದು ಬಿಟ್ ಮಾತ್ರ ಮುರಿಯಿತು. ಹಾಳಾದ ಪ್ರಿಂಟರಿನಿಂದ ಬಿಚ್ಚಿದ 12 ವೋಲ್ಟಿನ ಮೋಟರನ್ನು ಚಕ್ರದ ಅಚ್ಚಿಗೇ ಸಿಕ್ಕಿಸಿ ನಳ್ಳಿಯ ಕೆಳಗೆ ಇಟ್ಟ. ಚಕ್ರ ತಿರುಗಿತು, ಎಲ್‌ಇಡಿ ಹೊತ್ತಲಿಲ್ಲ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದ: 80.

ಆ ಮೋಟರ್ 12 ವೋಲ್ಟಿನಲ್ಲಿ ನಿಮಿಷಕ್ಕೆ 4,800 ಸುತ್ತಿನದು. ಹಾಗಾದರೆ 1 ವೋಲ್ಟಿಗೆ 400 ಸುತ್ತು. ಅದನ್ನೇ ತಿರುಗಿಸಿ ಡೈನಮೋ ಮಾಡಿದರೆ 80 ಸುತ್ತಿಗೆ ಸಿಗುವುದು 80 ÷ 400 = 0.2 ವೋಲ್ಟ್. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಬೇಕು.

ಸ್ವಲ್ಪ ಹೊತ್ತು ಸುಮ್ಮನೆ ಕೂತವನು, "ಸರ್, ಇದು ಡ್ರಿಲ್ಲಿನ ಉಲ್ಟಾ" ಎಂದ. ಸರಿಯಾದ ಮಾತು. ಡ್ರಿಲ್ಲಿನಲ್ಲಿ ವೇಗ ಇತ್ತು, ಬಲ ಬೇಕಿತ್ತು. ನೀರಿನ ಚಕ್ರದಲ್ಲಿ ಬಲ ಉಂಟು, ವೇಗ ಬೇಕು. 20 ಸೆಂಟಿಮೀಟರಿನ ಚಕ್ರದ ಅಂಚಿಗೆ ಬೆಲ್ಟ್ ಹಾಕಿ, ಮೋಟರಿಗೆ 1.5 ಸೆಂಟಿಮೀಟರಿನ ಸಣ್ಣ ರಾಟೆ ಕೂರಿಸಿದ. 20 ÷ 1.5 = ಸುಮಾರು 13. ಚಕ್ರ ಒಂದು ಸುತ್ತು ಬಂದರೆ ಮೋಟರ್ 13 ಸುತ್ತು. 80 × 13 = 1,040 ಸುತ್ತು, 1,040 ÷ 400 = 2.6 ವೋಲ್ಟ್. ಬೆಲ್ಟಿನ ಘರ್ಷಣೆಗೆ ಚಕ್ರ ಸ್ವಲ್ಪ ನಿಧಾನವಾಯಿತು. ಆದರೂ ದೀಪ ಹೊತ್ತಿತು.

ಡ್ರಿಲ್ ಈಗಲೂ ಅವನ ಮನೆಯಲ್ಲಿ ಉಂಟು, ತಂಗಿ ಗೆರಟೆಯ ಕೆಲಸಕ್ಕೆ ಉಪಯೋಗಿಸುತ್ತಾಳೆ. 1 ಮತ್ತೆ 2 ಮತ್ತೆ 3 ಎಂದು ಮೂರು ಸಲಕ್ಕೆ, ಕನ್ನಡಕ ಹಾಕಿಕೊಂಡು.

ಮಾಡಿ ನೋಡಿ

ಮನೆಯಲ್ಲಿರುವ ಮೊಬೈಲ್ ಚಾರ್ಜರ್, ರೂಟರಿನ ಅಡಾಪ್ಟರ್, ಟಾರ್ಚಿನ ಚಾರ್ಜರ್ ಇವುಗಳ ಲೇಬಲ್ ಓದಿ ಪ್ರತಿಯೊಂದರ ವ್ಯಾಟ್ ಲೆಕ್ಕ ಹಾಕಿ ಪಟ್ಟಿ ಮಾಡಿ. ಓದುವ ಮೊದಲು ಪ್ಲಗ್‌ನಿಂದ ತೆಗೆಯಲು ಮರೆಯಬೇಡಿ.

ಉತ್ತರಿಸಿ

1. ಡ್ರಿಲ್ಲಿನ ಪೆಟ್ಟಿಗೆಯಲ್ಲಿ 36 ವ್ಯಾಟ್ ಎಂದಿದೆ. ಅಡಾಪ್ಟರ್ 9 ವೋಲ್ಟ್, 1 ಆಂಪಿಯರ್. ಡ್ರಿಲ್ಲಿಗೆ ಸಿಗುವುದು ಹೆಚ್ಚೆಂದರೆ ಎಷ್ಟು ವ್ಯಾಟ್?
2. ಬ್ಯಾಟರಿ ಡ್ರಿಲ್ಲಿನ ಚಾರ್ಜರ್ 16.8 ವೋಲ್ಟ್. ಸಾಲಾಗಿ ಎಷ್ಟು ಸೆಲ್? ಡ್ರಿಲ್ ಎಷ್ಟು ವೋಲ್ಟಿನದು?
3. ಸುರುಳಿಯ ರೋಧ 3 ಓಮ್ ಇರುವ ಮೋಟರ್ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದಾಗ ಬಿಟ್ ಸಿಕ್ಕಿ ನಿಂತಿತು. ಪ್ರವಾಹ ಎಷ್ಟು? ಬಿಸಿ ಎಷ್ಟು ವ್ಯಾಟ್?
4. 40 ಮಿಲಿಮೀಟರ್ ಅಗಲದ ಡಿಸ್ಕ್ ನಿಮಿಷಕ್ಕೆ 15,000 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ ಸುಮಾರು ಎಷ್ಟು ಕಿಲೋಮೀಟರ್?
5. ನಿಮ್ಮ ಮುಂದಿನ ಮಾಡೆಲಿನ ಕೆಲಸದ ಪಟ್ಟಿ ಬರೆಯಿರಿ. ಯಾವುದಕ್ಕೆ ಯಂತ್ರ ಬೇಕು, ಯಾವುದಕ್ಕೆ ಕೈ ಸಾಕು?

ಉತ್ತರ: 1) 9 ವ್ಯಾಟ್. 2) 4 ಸೆಲ್, 14.4 ವೋಲ್ಟ್. 3) 4 ಆಂಪಿಯರ್, 48 ವ್ಯಾಟ್. 4) ಸುಮಾರು 113. ಐದನೆಯದರ ಉತ್ತರವನ್ನು ಅಂಗಡಿಗೆ ಹೊರಡುವ ಮೊದಲು ನಿಮ್ಮ ಟೀಚರಿಗೆ ತೋರಿಸಿ.